ದೊಡ್ಡ ರೇಡಿಯೇಟರ್ ಹಾಕಿಸಿದ ಬೇಸಿಗೆ

ನನ್ನ ಜೀಪು ಕುದಿಯುತ್ತಿತ್ತು. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಉಳಿದದ್ದರಲ್ಲಿ ನಿಜವಾಗಿ ನಡೆದದ್ದು ಎಷ್ಟು, ನಾನೂ ನನ್ನ ಭಾವನೂ ಊಟಕ್ಕೆ ಕೂತಾಗಲೆಲ್ಲ ವಾದಿಸಿ ತಿದ್ದಿದ್ದು ಎಷ್ಟು ಎಂಬುದು ಈಗ ಬೇರೆ ಮಾಡಲಾಗದಂತೆ ಬೆರೆತುಹೋಗಿದೆ. ಅಂದಿನ ದಿನಚರಿ ಇದೆ. ಆದರೆ ಅದನ್ನು ಬರೆದದ್ದು ಸಿಟ್ಟಿನಲ್ಲಿ. ಸಿಟ್ಟಿನಲ್ಲಿ ಬರೆದವನನ್ನು ಫಿರ್ಯಾದಿ ಅನ್ನಬಹುದು, ಸಾಕ್ಷಿ ಅನ್ನಲಾಗದು. ಓದಿದಾಗಲೆಲ್ಲ ನನ್ನ ಮಾತನ್ನೇ ನಾನು ಪೂರ್ತಿ ನಂಬುವುದಿಲ್ಲ.

ನಾನು ಬೀದರಿನಲ್ಲಿ ದನದ ಡಾಕ್ಟರು. ಕುರಿ, ಆಡು, ಎಮ್ಮೆ ಎಲ್ಲವನ್ನೂ ನೋಡುತ್ತೇನೆ, ಆದರೆ ಜನ ಕರೆಯುವುದು ಹಾಗೆ. ಔರಾದ್ ಕಡೆಯ ಎರೆಭೂಮಿಗೆ ಮಾಮೂಲಿ ಕಾರು ಒಗ್ಗುವುದಿಲ್ಲವೆಂದು ಹಳೆಯ ಜೀಪೊಂದನ್ನು ತೆಗೆದುಕೊಂಡೆ. ಅದರ ಸ್ವಂತ ಇಂಜಿನ್ ತೆಗೆದು ದೊಡ್ಡ ಡೀಸೆಲ್ ಇಂಜಿನ್ ಕೂರಿಸಿದ್ದಾಯಿತು. ಅಗಲದ ಟೈರು ಬಂತು, ಗಾಡಿಯನ್ನು ನೆಲದಿಂದ ಎತ್ತರಿಸಿದ್ದಾಯಿತು. ಇಷ್ಟೆಲ್ಲ ಮಾಡಿಸಿ, ಇಂಜಿನ್ನನ್ನು ತಂಪಾಗಿಡುವ ರೇಡಿಯೇಟರನ್ನು ಮಾತ್ರ ಹಳೆಯದೇ ಬಿಟ್ಟಿದ್ದೆವು. ಡಾಂಬರು ರಸ್ತೆಯಲ್ಲಿ ಓಡುವಾಗ ತಕರಾರಿಲ್ಲ. ಹೊಲದ ದಾರಿಗಿಳಿದು ಸಣ್ಣ ಗೇರಿನಲ್ಲಿ ತೆವಳಲು ಶುರುಮಾಡಿದ ಕೂಡಲೇ ಬಿಸಿ ತೋರಿಸುವ ಮುಳ್ಳು ಏರಿ, ಬಾನೆಟ್ಟಿನ ಕೆಳಗಿಂದ ಹಬೆ. ಯಾವ ಜಾಗಕ್ಕೆಂದು ಇದನ್ನು ಕಟ್ಟಿಸಿದ್ದೆನೋ ಅಲ್ಲಿಯೇ ಅದು ನಿಲ್ಲುತ್ತಿತ್ತು.

ಹಿಂದಿನ ವರ್ಷ ಹಾಗೆ ನಿಂತದ್ದರಿಂದ ಎಕಂಬಾದ ಒಬ್ಬ ಹೆಣ್ಣುಮಗಳ ಕುರಿಗಳಿಗೆ ಲಸಿಕೆ ತಪ್ಪಿತ್ತು. ತಲೆತಲಾಂತರದಿಂದ ಕುರಿ ಸಾಕುವ ಮನೆ ಅವರದು. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಹೊಟ್ಟೆ ಬಿರಿಯೆ ತಿಂದ ಮರಿಗಳಿಗೆ ಕರುಳುಬೇನೆ ಬಂತು. ಸಂಜೆ ಕುಣಿಯುತ್ತಿದ್ದ ಮರಿ ಬೆಳಗ್ಗೆ ಏಳುವುದಿಲ್ಲ, ಅದೂ ಹಿಂಡಿನಲ್ಲಿ ಮೈತುಂಬಿದ ಮರಿಗಳೇ ಹೋಗುತ್ತವೆ. ಈ ವರ್ಷ ಬೇಸಿಗೆ ಮುಗಿಯುವ ಮೊದಲೇ ಅವಳ ಫೋನು ಬಂತು.

“ಸಾಹೇಬ್ರ, ಹೋದ ವರ್ಷ ಗಾಡಿ ಕುದೀತು ಅಂದ್ರಿ. ಈ ವರ್ಷ ಏನ್ ಅಂತೀರಿ?”

“ಈ ವರ್ಷ ಬರ್ತೇನಿ ಅಕ್ಕಾ. ರೇಡಿಯೇಟರ್ ದೊಡ್ಡದು ಹಾಕಸ್ಲಿಕ್ಕತ್ತೇನಿ.”

“ದೊಡ್ಡದು ಹಾಕಸ್ರಿ, ಸಣ್ಣದು ಹಾಕಸ್ರಿ, ನಂಗೇನ್ ತಿಳಿತದ. ಸೂಜಿ ಹಾಕ್ಸದೆ ನಾ ಹಳ್ಳ ದಾಟಲ್ಲ, ಅಷ್ಟೇ.”

ಅವರ ಹಿಂಡು ಆಗ ಡಾಬಕಾದ ಆಚೆ, ಗಡಿಯ ಹಳ್ಳದ ದಂಡೆಯಲ್ಲಿತ್ತು. ಹಳ್ಳದ ಆ ಬದಿಯ ಮಹಾರಾಷ್ಟ್ರದ ರೈತರೊಂದಿಗೆ ಅವರಿಗೆ ಪ್ರತಿ ವರ್ಷದ ಮಾತು. ಬಿತ್ತನೆಗೆ ಮೊದಲು ಹೊಲದಲ್ಲಿ ಕುರಿ ತರುಬಬೇಕು, ಅಂದರೆ ರಾತ್ರಿಯೆಲ್ಲ ಅಲ್ಲಿಯೇ ನಿಲ್ಲಿಸಿ ಹೊಲಕ್ಕೆ ಗೊಬ್ಬರವಾಗುವಂತೆ ಮಾಡಬೇಕು. ಮಳೆ ಬಿದ್ದು ಕೂರಿಗೆ ಹೂಡಿದರೆ ಆಮೇಲೆ ಯಾವ ರೈತನೂ ಕುರಿಯನ್ನು ಹೊಲದೊಳಗೆ ಬಿಡುವುದಿಲ್ಲ. ಅದಕ್ಕೇ ಅವಳ ಮೈದುನರಿಗೆ ಹೊರಡುವ ಅವಸರ. ಅವರನ್ನು ತಡೆದು ನಿಲ್ಲಿಸಿದವಳು ಇವಳು. ಹಿಂಡು ತಡವಾಗಿ ಹೋಗಿ ಹೊಲ ಕೈತಪ್ಪಿದರೂ, ಲಸಿಕೆಯಿಲ್ಲದೆ ಹೋಗಿ ಮರಿ ಸತ್ತರೂ, ಮಾತು ಕೇಳಬೇಕಾದವಳು ಅವಳೇ.

ಇನ್ನು ನನ್ನ ಭಾವ. ಅಕ್ಕನ ಗಂಡ, ಭಾತಂಬ್ರಾದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿ ಭಾಲ್ಕಿಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಕ್ಕ ಇನ್ನೂ ನರ್ಸ್ ಕೆಲಸಕ್ಕೆ ಹೋಗುವುದರಿಂದ ಹಗಲೆಲ್ಲ ಅವರ ಪಾಠ ಕೇಳಲು ಮನೆಯಲ್ಲಿ ಯಾರೂ ಇರುವುದಿಲ್ಲ. ಹೀಗಾಗಿ ಅವರ ವಿದ್ಯಾರ್ಥಿ ನಾನು. ಭಾನುವಾರ ಚರ್ಚ್ ಮುಗಿಸಿ ಹೊರಗೆ ಬಂದು ಚಪ್ಪಲಿ ಮೆಟ್ಟುವ ಮೊದಲೇ ಅವರು ಶಾಖದ ಸಂವಹನದ ಬಗ್ಗೆ ಶುರುಮಾಡಿದ್ದರು. ದೊಡ್ಡ ರೇಡಿಯೇಟರಿನ ವಿಚಾರ ಅವರದೇ. ಭಾಲ್ಕಿಯ ಗ್ಯಾರೇಜು ಹುಡುಕಿದವರೂ ಅವರೇ.

ಆ ಗ್ಯಾರೇಜಿನ ಮಿಸ್ತ್ರಿ ಒಂದು ಲಾರಿಗೆ ಸಾಲುವಂಥ ಅಲ್ಯುಮಿನಿಯಂ ರೇಡಿಯೇಟರನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದ.

“ಸಾಬ್, ಇದು ಹಾಕಿದ್ ಮ್ಯಾಲ ನಿಮ್ ಜೀಪು ಕುದ್ದದ್ದೇ ಮರ್ತು ಹೋಗ್ತದ.”

“ಹಿಡಿಸ್ತದೇನು?” ಎಂದೆ. ಕಣ್ಣಿಗೆ ಕಾಣುವಂತೆ ಅದು ಜೀಪಿನ ಮೂತಿಗಿಂತ ಅಗಲವಿತ್ತು.

“ಹಿಡಸ್ಲಿಕ್ಕೇ ಹಚ್ತೀವ್ರಿ.”

ಭಾವ ನಕ್ಕರು. “ಡಾಕ್ಟ್ರಾ, ನಿಮ್ ದವಾಖಾನ್ಯಾಗ ಎಮ್ಮಿ ಹೊಟ್ಟ್ಯಾಗಿನ ಕರಾ ಹಿಡಸ್ತದೇನು ಅಂತ ಕೇಳ್ತಾರೇನು?”

ಹಿಡಿಸಿದರು. ಮುಂದಿನ ಅಡ್ಡಪಟ್ಟಿ ಕತ್ತರಿಸಿ ಕೆಳಗೆ ಹೊಸ ಕಬ್ಬಿಣ ವೆಲ್ಡ್ ಮಾಡಿದರು. ಅಡಿಯಲ್ಲಿ ನಡುಗದಂತೆ ಹಳೆಯ ಟ್ಯೂಬಿನ ರಬ್ಬರು ಮಡಿಚಿ ಇಟ್ಟರು. ಮೇಲಿನ ನೀರಿನ ಪೈಪು ಗೇಣು ಸಾಲದೆ ಎರಡು ತುಂಡು ಕೂಡಿಸಿ ಕ್ಲಿಪ್ಪು ಬಿಗಿದರು. ಎಲ್ಲ ಮುಗಿಯಿತು ಅನ್ನುವಾಗ ಇಂಜಿನ್ ಚಾಲೂ ಮಾಡಿದರೆ ಕರಕರ ಸದ್ದು. ಹೊಸ ರೇಡಿಯೇಟರ್ ಎಷ್ಟು ದಪ್ಪವಿತ್ತೆಂದರೆ ಅದರ ಬೆನ್ನಿಗೆ ಇಂಜಿನ್ನಿನ ಫ್ಯಾನ್ ಉಜ್ಜುತ್ತಿತ್ತು. ಮಿಸ್ತ್ರಿ ಆ ಫ್ಯಾನನ್ನೇ ಬಿಚ್ಚಿ ಮೂಲೆಗೆ ಎಸೆದ. ಅದರ ಬದಲು ಮುಂದಿನ ಕಡೆ, ಮೂತಿಯ ಕಬ್ಬಿಣದ ಜಾಲಿಗೂ ರೇಡಿಯೇಟರಿಗೂ ನಡುವೆ, ಬ್ಯಾಟರಿಯಿಂದ ತಿರುಗುವ ಫ್ಯಾನ್ ಕಟ್ಟಿದ. ಅದು ಗುಂಯ್ ಎಂದು ತಿರುಗಿದಾಗ ಮೂವರೂ ಸಮಾಧಾನದಿಂದ ತಲೆಯಾಡಿಸಿದೆವು. ನಾನು ಕೂಡ ಆಡಿಸಿದೆ ಎಂದೇ ನೆನಪು. ತಿರುಗುವ ಫ್ಯಾನನ್ನು ನೋಡಿ ಸಂಶಯಪಡುವ ಬುದ್ಧಿ ಅಂದು ಯಾರಿಗೂ ಬರಲಿಲ್ಲ.

ಮರುದಿನ ಭಾವ ತಾವೇ ಜೀಪನ್ನು ಬೀದರಿಗೆ ತಂದರು. ದಿನ್ನೆ ಹತ್ತುವಾಗಲೂ ಮುಳ್ಳು ಅಲುಗಲಿಲ್ಲವಂತೆ. ನಾನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಲಸಿಕೆಯ ಬಾಟಲಿಗಳನ್ನಿಟ್ಟು ಸುತ್ತಲೂ ಬರ್ಫದ ಚೀಲ ತುಂಬಿದೆ. ಲಸಿಕೆ ತಣ್ಣಗೇ ಇರಬೇಕು, ಬಿಸಿಲು ತಾಗಿದರೆ ಅದರ ಕಸುವು ಹೋಗುತ್ತದೆ. ಹಿಂದಿನ ಸೀಟಿನ ಕೆಳಗೆ ಸದಾ ಇರುತ್ತಿದ್ದ ನೀರಿನ ಕ್ಯಾನು ಕಾಣಲಿಲ್ಲ.

“ಕ್ಯಾನ್ ಎಲ್ಲಿರಿ ಭಾವಾ?”

“ಮನ್ಯಾಗ ಇಟ್ಟು ಬಂದೀನಿ. ಕೂಲಂಟ್ ತುಂಬಸಿದ ಗಾಡಿಗಿ ನೀರಿನ ಕ್ಯಾನ್ ಯಾಕ? ಹೊಸ ರೇಡಿಯೇಟರ್‌ಗಿ ಅವಮಾನ.”

ಮಾಂಜ್ರಾ ದಾಟಿ ಔರಾದ್ ಮುಟ್ಟುವ ತನಕ ಅವರು ಪ್ರತಿ ಊರಿಗೊಮ್ಮೆ ಮುಳ್ಳು ತೋರಿಸಿದರು. ಅದು ಅರ್ಧಕ್ಕಿಂತ ಕೆಳಗೆ ನಿದ್ದೆ ಮಾಡುತ್ತಿತ್ತು. ಡಾಬಕಾ ದಾಟಿ ಡಾಂಬರು ಬಿಟ್ಟೆವು. ನೇಗಿಲು ಹೊಡೆದ ಹೊಲಗಳ ನಡುವೆ ಬಂಡಿ ದಾರಿ, ಕಾಲ್ಮುರಿಯುವಂಥ ಹೆಂಟೆಗಳು. ನಡಿಗೆಯ ವೇಗದಲ್ಲಿ ಹೋಗುತ್ತಿದ್ದೆವು. ಮುಳ್ಳು ಎದ್ದಿತು. ಭಾವ ಮಾತು ನಿಲ್ಲಿಸಿದರು. ಮುಳ್ಳು ಕೆಂಪಿಗೆ ಹೋಯಿತು, ಹಬೆ ಬಂತು, ಕೂಡಿಸಿದ ಪೈಪಿನ ಸಂದಿನಿಂದ ಹಸಿರು ಕೂಲಂಟ್ ಚಿಮ್ಮಿ ಕರಿಮಣ್ಣಿಗೆ ಇಂಗಿತು.

ಇಳಿದು ಜೀಪಿನ ಮುಂದೆ ನಿಂತೆ. ಫ್ಯಾನ್ ಇನ್ನೂ ತಿರುಗುತ್ತಿತ್ತು. ಮೊಣಕಾಲಿಗೆ ಕಾದ ಗಾಳಿ ಬಡಿಯಿತು. ಬೇಸಿಗೆಯ ಗಾಳಿ ಎಂದುಕೊಂಡೆ. ಅಥವಾ ಹಾಗೆ ಅಂದುಕೊಂಡೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ. ಆಮೇಲೆ ತಿಳಿದದ್ದು ನೆನಪಿನೊಳಗೆ ನುಗ್ಗಿ ತನ್ನ ಜಾಗ ತಾನೇ ಮಾಡಿಕೊಂಡಿರಬಹುದು.

ಹಳ್ಳದ ದಂಡೆಯ ಜಾಲಿಮರಗಳ ಕೆಳಗೆ ಹಿಂಡು ಕಾಣುತ್ತಿತ್ತು. ಪೆಟ್ಟಿಗೆ ಹೊತ್ತುಕೊಂಡೇ ಹೋಗಬೇಕಿತ್ತು ಎಂದು ಈಗ ಯಾರಾದರೂ ಹೇಳಬಹುದು. ಸೂಜಿಯ ಸಾಮಾನು, ಎರಡು ಚೀಲ, ಮೇಲೆ ಪೆಟ್ಟಿಗೆ, ಆ ಬಿಸಿಲಲ್ಲಿ ಒಬ್ಬನೇ ಹೊರಲಾರೆ ಅನ್ನಿಸಿತು. ನೀರು ತಂದು ಗಾಡಿಯಲ್ಲೇ ಹೋಗೋಣ ಎಂದು ಹೊರಟೆ. ಹೊರಡುವಾಗ ನಾನು ಭಾವನಿಗೆ ಹೇಳಿದ್ದು: “ರೇಡಿಯೇಟರ್ ಮುಚ್ಚಳ ಮುಟ್ಟಬ್ಯಾಡ್ರಿ. ಪೆಟ್ಟಿಗಿ ನೆಳ್ಳಿಗಿ ಇಡ್ರಿ.” ಭಾವನ ಪ್ರಕಾರ ನಾನು ಹೇಳಿದ್ದು: “ಹ್ಯಾಂಗರ ಮಾಡಿ ಜರಾ ತಂಪ್ ಮಾಡ್ರಿ.” ನನ್ನ ಅಕ್ಕ ಗಂಡನ ಮಾತನ್ನು ನಂಬುತ್ತಾಳೆ. ನಾನು ಎರಡನ್ನೂ ಹೇಳಿರಬಹುದೆ? ಎಷ್ಟು ಯೋಚಿಸಿದರೂ ನನ್ನ ಕಿವಿಗೆ ನನ್ನ ಮೊದಲ ಮಾತಷ್ಟೇ ಕೇಳಿಸುತ್ತದೆ. ಸಾವಿರ ಸಲ ನೆನೆದ ಮಾತು ಹಾಗೆಯೇ ಗಟ್ಟಿಯಾಗುತ್ತದೆ ಎಂಬುದೂ ಗೊತ್ತು.

ಅಲ್ಲಿ ಎಲ್ಲ ತಯಾರಾಗಿತ್ತು. ಬಲೆಯ ಆವರಣದೊಳಗೆ ಮರಿಗಳನ್ನು ಬೇರೆ ಮಾಡಿ ಕೂಡಿದ್ದರು. ಗಂಡಸರು ಧೋತರದ ಚುಂಗು ಮೇಲಕ್ಕೆ ಕಟ್ಟಿ, ಹಿಡಿದುಕೊಡಲು ನಿಂತಿದ್ದರು. ಅವಳು ನನ್ನ ಖಾಲಿ ಕೈ ನೋಡಿದಳು.

“ಡಬ್ಬಿ ಎಲ್ರಿ?”

“ಗಾಡ್ಯಾಗ ಅದಾ ಅಕ್ಕಾ. ಗಾಡಿ ಜರಾ ಬಿಸಿ ಆಗಿ ನಿಂತದಾ. ಒಂದ್ ಕೊಡ ನೀರು ಬೇಕಿತ್ತು.”

ಕಿರಿಯ ಮೈದುನ ಗಹಗಹಿಸಿ ನಕ್ಕ. “ವೈನಿ, ದೊಡ್ಡದು ಹಾಕಿಸ್ಯಾರ ಅಂದಿದ್ದಿ. ಈಗ ಕುದಿನೂ ದೊಡ್ಡದೇ!”

“ಸುಮ್ಮಿರು ನೀ,” ಎಂದಳು. ಎರಡು ಡಬ್ಬಿಯಲ್ಲಿ ನೀರು ತುಂಬಿ, ಒಂದು ತಾನು ಹೊತ್ತು ಒಂದು ನನಗೆ ಕೊಟ್ಟು ನಡೆದಳು. ದಾರಿಯುದ್ದಕ್ಕೂ ಪಶ್ಚಿಮದ ಕಡೆ ನೋಡುತ್ತಿದ್ದಳು. ಮೋಡ ಇನ್ನೂ ತೆಳುವಾಗಿತ್ತು. “ಇವತ್ತು ಹಾಕಿದ್ರ ನಾಳಿಗಿ ಹಳ್ಳ ದಾಟ್ತೇವಿ. ಇವರಿಗಿ ಇಷ್ಟು ದಿನ ಕಾಲು ಕಟ್ಟಿ ಇಟ್ಟೀನಿ, ಇನ್ನ ನಿಲ್ಲಲ್ರಿ,” ಎಂದಳು.

ಅರ್ಧ ದಾರಿಯಲ್ಲಿ ಹಾರ್ನ್ ಕೇಳಿಸಿತು. ಜೀಪು ನಮ್ಮ ಕಡೆಗೇ ಬರುತ್ತಿತ್ತು. ಭಾವ ಕಿಟಕಿಯಿಂದ ಕೈ ಹೊರಹಾಕಿ ಬೀಸುತ್ತಿದ್ದರು. ನನಗೆ ನಿಜವಾಗಿ ಖುಷಿಯಾಯಿತು, ಅದನ್ನು ಮರೆಮಾಚುವುದಿಲ್ಲ. ನೀರಿನ ಡಬ್ಬಿ ಕೆಳಗಿಟ್ಟು ನಾನೂ ಕೈ ಬೀಸಿದೆ. ಅವರು ಹತ್ತಿರ ಬಂದು ನಿಲ್ಲಿಸಿ, ಮುಳ್ಳಿನ ಗಾಜಿನ ಮೇಲೆ ಉಗುರಿನಿಂದ ಬಡಿದು ತೋರಿಸಿದರು.

“ನೋಡು! ಅರ್ಧದ ಕೆಳಗ!”

“ನೀರು ಎಲ್ಲಿ ಸಿಕ್ತರಿ ಭಾವಾ?”

“ನೀರ್ಯಾಕ? ಬರ್ಫ ಇತ್ತಲ್ಲ.”

ನಾನು ಹಿಂದಿನ ಸೀಟು ನೋಡಿದೆ. ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಬರ್ಫವನ್ನು ಜಾಕಿನ ಕಬ್ಬಿಣದಿಂದ ಕುಟ್ಟಿ, ಕರಗಿದ್ದನ್ನು ಕರವಸ್ತ್ರದಲ್ಲಿ ಸೋಸಿ ರೇಡಿಯೇಟರಿಗೆ ಹೊಯ್ದಿದ್ದರು. ಉಳಿದ ಚೀಲಗಳನ್ನು ಪೈಪಿನ ಸುತ್ತ ಕಟ್ಟಿದ್ದರು. ಬಾಟಲಿಗಳನ್ನು ಮಾತ್ರ ಜೋಪಾನವಾಗಿ ಒದ್ದೆ ಟವೆಲಿನಲ್ಲಿ ಸುತ್ತಿ ಸೀಟಿನ ಮೇಲಿಟ್ಟಿದ್ದರು. ಟವೆಲು ಒಣಗಿ ಹಪ್ಪಳವಾಗಿತ್ತು.

“ಆವಿ ಆಗೂವಾಗ ಒಳಗಿಂದು ತಂಪಾಗ್ತದ, ಮಡಕಿ ಹಂಗ,” ಎಂದರು. ಏಳನೆಯ ತರಗತಿಗೆ ಹೇಳುವ ಅದೇ ದನಿ. “ಇಂಜಿನ್ ಆರೂ ತನಾ ಕಾದೇ ಹೊಯ್ದೀನಿ ಮತ್ತ. ಬಿಸಿ ಕಬ್ಬಿಣಕ್ಕ ತಣ್ಣೀರು ಹೊಯ್ದ್ರ ಸೀಳ್ತದ, ಅಷ್ಟು ತಿಳೀದ ಮನುಷ್ಯ ಅಲ್ಲ ನಾ.”

ಇದೇ ನನ್ನನ್ನು ಇಂದಿಗೂ ಕೆರಳಿಸುತ್ತದೆ. ಇಂಜಿನ್ ಆರುವ ತನಕ ಕಾಯುವಷ್ಟು ತಾಳ್ಮೆ ಅವರಿಗಿತ್ತು. ಆರಿದ ಮೇಲೆ ಬೇಕಾದದ್ದು ಬರೀ ನೀರು. ಆ ನೀರು ಹೊಲದ ಆ ತುದಿಯಿಂದ ನಡೆದು ಬರುತ್ತಿತ್ತು.

ಬಾಟಲಿ ಮುಟ್ಟಿದೆ. ಕೈಗೆ ಬೆಚ್ಚಗೆ ಹತ್ತಿತು. ಎಷ್ಟು ಹೊತ್ತು ಹಾಗಿದ್ದವು ಎಂದು ಕೇಳಿದೆ. ಭಾವ ಒಂದು ಹೇಳಿದರು, ಆಮೇಲೆ ಇನ್ನೊಂದು ಹೇಳಿದರು. ಲಸಿಕೆ ಪೂರ್ತಿ ಕೆಟ್ಟಿತ್ತೇ? ನನಗೆ ಇಂದಿಗೂ ಗೊತ್ತಿಲ್ಲ. ಬಣ್ಣ ಬದಲಾಗಿರಲಿಲ್ಲ. ವಾಸನೆಯಿಂದ ತಿಳಿಯುವ ವಸ್ತುವೂ ಅಲ್ಲ ಅದು. ಅವಳು ನಮ್ಮಿಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದಳು. ನಾನು ಸುತ್ತಿ ಬಳಸದೆ ಹೇಳಿದೆ.

ಅವಳು ಅಂದಳು: “ಅಂದ್ರ ನನ್ ಮರಿಗಿ ತಂದ ಸೂಜಿ ಗಾಡಿಗಿ ಹಾಕಿದ್ರಿ. ಛಲೋ ಆತು ಬಿಡ್ರಿ, ಅದಕ್ಕ ಕರುಳುಬ್ಯಾನಿ ಬರಲ್ಲ.”

ಭಾವನ ಮುಖ ಸಣ್ಣದಾಯಿತು. ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದರು: “ಹಾಕಿ ಬಿಡು ಡಾಕ್ಟ್ರಾ. ಏನೋ ಒಂದು ಆಕಿಗಿ ಸಮಾಧಾನ ಆಗ್ತದ.”

ಅವಳಿಗೆ ಕೇಳಿಸಿತು. “ಅರ್ಧ ಕಸುವರ ಇರ್ತದಿಲ್ರಿ ಸಾಹೇಬ್ರ? ಅರ್ಧಾನೇ ಹಾಕ್ರಿ. ನಾ ಏನ್ ನಿಮ್ಮ ಮ್ಯಾಲ ಹಾಕಲ್ಲ.”

ನಾನು ಹಾಕಲಿಲ್ಲ. ಹಾಕಿದರೆ ಮರಿಗಳಿಗೆ ರಕ್ಷೆ ಇದೆ ಎಂದು ನಂಬಿ ಅವಳು ಅವನ್ನು ಹಸಿಹುಲ್ಲಿಗೆ ಬಿಡುತ್ತಾಳೆ. ಸತ್ತರೆ ಮುಂದೆ ಯಾವ ಲಸಿಕೆಯನ್ನೂ ನಂಬುವುದಿಲ್ಲ. ಇದು ನಾನು ಅವಳಿಗೆ ಕೊಟ್ಟ ಕಾರಣ, ಕಾಲೇಜಿನಲ್ಲಿ ಕಲಿತ ಕಾರಣ, ಸರಿಯಾದ ಕಾರಣವೇ. ಆದರೆ ಅಂದು ಭಾವ ಹಾಕು ಅನ್ನದೆ ಹಾಕಬೇಡ ಅಂದಿದ್ದರೆ ನಾನು ಏನು ಮಾಡುತ್ತಿದ್ದೆ?

“ನಾಳಿ ಹೊಸಾದು ತರ್ತೇನಿ. ನಾಳಿ ಒಂದಿನ ನಿಲ್ರಿ,” ಎಂದೆ.

ಅವಳು ನೀರಿನ ಡಬ್ಬಿಗಳನ್ನು ಜೀಪಿಗೇ ಬಿಟ್ಟು, ಸೆರಗು ತಲೆಗೆ ಎಳೆದುಕೊಂಡು ಹಿಂದಿರುಗಿ ನಡೆದಳು. ನಾವು ಗಾಡಿ ತಿರುಗಿಸುವಾಗ ದೂರದಲ್ಲಿ ಕಿರಿಯ ಮೈದುನ ಬಲೆಯ ಗೂಟ ಕೀಳಲು ಶುರುಮಾಡಿದ್ದು ಕಂಡಿತು. ಕೂಡಿಹಾಕಿದ್ದ ಮರಿಗಳು ತಾಯಂದಿರ ಕಡೆಗೆ ಅರಚುತ್ತ ಓಡಿದವು.

ಅವಳು ಬಿಟ್ಟ ನೀರು ಹೊಯ್ದ ಮೇಲೆ ಮರಳುವ ದಾರಿಯಲ್ಲಿ ಜೀಪು ಚಿನ್ನದಂತೆ ಓಡಿತು. ಡಾಂಬರಿಗೆ ಬಂದ ಮೇಲೆ ಎದುರುಗಾಳಿ ಸಿಕ್ಕಿ, ಬೀದರಿನ ಘಾಟು ಹತ್ತುವಾಗಲೂ ಮುಳ್ಳು ಅರ್ಧ ಮುಟ್ಟಲಿಲ್ಲ. ಕೋಟೆಯ ಕಡೆಯ ತಿರುವಿನಲ್ಲಿ ಭಾವ ಮೆಲ್ಲಗೆ ಅಂದರು: “ಒಂದು ಮಾತ್ರ ಖರೆ. ರೇಡಿಯೇಟರ್‌ದು ತಪ್ಪಿಲ್ಲ.” ಅಂದು ನಾನು ನುಂಗಿಕೊಂಡ ಮಾತನ್ನು ಆಮೇಲೆ ಬೇಕಾದಷ್ಟು ಆಡಿದ್ದೇನೆ.

ಬೆಳಗಾಗುವ ಮೊದಲೇ ಮಳೆ ಬಂತು. ಹೊಸ ಲಸಿಕೆ, ಹೊಸ ಬರ್ಫ, ನೀರಿನ ಡಬ್ಬಿ ಎಲ್ಲ ತುಂಬಿಕೊಂಡು ನಾನೊಬ್ಬನೇ ಹೊರಟೆ. ಎರೆಮಣ್ಣು ಟೈರಿಗೆ ಮೆತ್ತಿಕೊಂಡು ಚಕ್ರಗಳು ರೊಟ್ಟಿಯ ಹಿಟ್ಟಿನ ಮುದ್ದೆಯಾದವು. ಸಣ್ಣ ಗೇರು, ಏರುವ ಮುಳ್ಳು, ನಿಲ್ಲಿಸು, ಆರಿಸು, ನೀರು ಹೊಯ್ಯಿ. ಕೊನೆಗೆ ಜೀಪನ್ನು ಅಲ್ಲಿಯೇ ಬಿಟ್ಟು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನಡೆದೆ. ಹೊರಲಾಗುವುದಿಲ್ಲ ಅಂದುಕೊಂಡಿದ್ದ ಪೆಟ್ಟಿಗೆ ಅಷ್ಟೇನೂ ಭಾರವಿರಲಿಲ್ಲ. ಜಾಲಿಮರಗಳ ಕೆಳಗೆ ಹಿಕ್ಕೆಯ ಹಾಸು ಒದ್ದೆಯಾಗಿ ವಾಸನೆ ಹೊಡೆಯುತ್ತಿತ್ತು. ಗೂಟ ಕಿತ್ತ ಕುಳಿಗಳಲ್ಲಿ ನೀರು ನಿಂತಿತ್ತು. ಹಳ್ಳದ ಕೆಸರಿನಲ್ಲಿ ಗೊರಸಿನ ಗುರುತುಗಳು ಆಚೆ ದಂಡೆಗೆ ಹೋಗಿದ್ದವು. ಫೋನು ಹಚ್ಚಿದೆ. ಹತ್ತಲಿಲ್ಲ.

ಫ್ಯಾನಿನ ಸಂಗತಿ ತಿಳಿದದ್ದು ಆಮೇಲೆ ಭಾಲ್ಕಿಯ ಗ್ಯಾರೇಜಿಗೆ ಸಿಟ್ಟಿನಿಂದ ಹೋದಾಗ. ಮಿಸ್ತ್ರಿ ನನ್ನ ಬೈಗುಳ ಪೂರ್ತಿ ಕೇಳಿ, ಫ್ಯಾನ್ ಚಾಲೂ ಮಾಡಿ, ಹೆಗಲ ಮೇಲಿನ ಬಟ್ಟೆ ತೆಗೆದು ಮುಂದಿನ ಜಾಲಿಗೆ ಹಿಡಿದ. ಗಾಳಿ ಒಳಗೆ ಹೋಗುವಂತಿದ್ದರೆ ಬಟ್ಟೆ ಜಾಲಿಗೆ ಅಂಟಬೇಕಿತ್ತು. ಅದು ಹಾರಿ ಅವನ ಮುಖಕ್ಕೇ ಬಡಿಯಿತು.

“ಅರೇ. ಉಲ್ಟಾ ತಿರಗ್ಲಿಕ್ಕತ್ತದ.”

ಒಳಗಿನ ಕಾವನ್ನು ಹಿಂದಕ್ಕೆ ತಳ್ಳುವ ಬದಲು ಅದನ್ನೇ ಎಳೆದು ಮುಂದೆ ಉಗುಳುತ್ತಿತ್ತು. ಜೀಪು ಜೋರಾಗಿ ಓಡುವಾಗ ಹೊರಗಿನ ಗಾಳಿಯೇ ಅದನ್ನು ಸೋಲಿಸುತ್ತಿತ್ತು. ಮೆಲ್ಲಗೆ ಹೋಗುವಾಗ ಫ್ಯಾನೇ ಗೆಲ್ಲುತ್ತಿತ್ತು. ಅವನು ಎರಡು ವೈರು ಬಿಚ್ಚಿ ಅದಲು ಬದಲು ಮಾಡಿ ಸುತ್ತಿದ. ಚಹಾ ಬರುವುದರೊಳಗೆ ಕೆಲಸ ಮುಗಿದಿತ್ತು. ಮತ್ತೆ ಬಟ್ಟೆ ಹಿಡಿದು ತೋರಿಸಿ, ಅದು ಜಾಲಿಗೆ ಅಂಟಿದ್ದಕ್ಕೆ ಏನೂ ಆಗದವನಂತೆ ನಕ್ಕ. ಬೈಯಲು ಇನ್ನೇನೂ ಉಳಿದಿರಲಿಲ್ಲ. ಭಾವ ಪಕ್ಕದಲ್ಲಿ ನಿಂತು, “ಗಾಳಿಯ ದಿಕ್ಕು, ನಾ ಅದನ್ನೇ ಹೇಳ್ತಿದ್ದೆ,” ಎಂದರು. ಅವರು ಅದನ್ನು ಎಂದೂ ಹೇಳಿರಲಿಲ್ಲ. ಈ ಒಂದು ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುತ್ತೇನೆ.

ಅವಳ ಫೋನು ಬಂದದ್ದು ಮಳೆ ಹಿಡಿದುಕೊಂಡ ಮೇಲೆ, ಆಚೆ ಕಡೆಯ ಯಾವುದೋ ಊರಿನಿಂದ.

“ಮರಿ ಹೋದ್ವುರಿ ಸಾಹೇಬ್ರ.”

“ಎಷ್ಟು ಅಕ್ಕಾ?”

“ಎಣಿಸಿ ಏನ್ ಮಾಡ್ತೀರಿ.”

ನಾನು ಹೇಳಬಹುದಿತ್ತು: ಅಂದು ಸರಿಯಾದ ಲಸಿಕೆ ಹಾಕಿದ್ದರೂ ಮೈಯಲ್ಲಿ ಶಕ್ತಿ ಬರಲು ದಿನ ಬೇಕು, ಅಷ್ಟರಲ್ಲಿ ಹುಲ್ಲು ಚಿಗುರಿತ್ತು, ಹಾಗಾಗಿ ಎಷ್ಟು ಉಳಿಯುತ್ತಿದ್ದವೋ ಯಾರೂ ಹೇಳಲಾರರು. ಅದು ನಿಜವೂ ಹೌದು. ಬಾಯಿಂದ ಬಂದದ್ದು ಬೇರೆ: “ಗಾಡಿ ಈಗ ಪೂರಾ ಸರಿ ಆಗ್ಯಾದ ಅಕ್ಕಾ, ಫ್ಯಾನ್ ಉಲ್ಟಾ ಇತ್ತು, ಅದಕ್ಕ—”

“ಗಾಡಿ ಸುದ್ದಿ ಬ್ಯಾಡ್ರಿ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ದೀಪಾವಳಿ ಆದ್ ಮ್ಯಾಲ ಹೊಳ್ಳಿ ಬರ್ತೇವಿ. ಉಳದ್ವಕ್ಕ ಆಗ ಹಾಕ್ರಿ. ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿಗಿ ಬರ್ರಿ. ಡಾಬಕಾದಾಗ ಇಳೀರಿ, ನಾ ಕುದುರಿ ತಗೊಂಡು ನಿಂತಿರ್ತೇನಿ.”

“ಆಗ್ಲಿ ಅಕ್ಕಾ.”

“ಮತ್ತ ಆ ಮಾಸ್ತರರಿಗಿ ಮನ್ಯಾಗ ಬಿಟ್ಟು ಬರ್ರಿ.”

ಅದಕ್ಕೂ ಆಗಲಿ ಎಂದೆ. ಭಾವನಿಗೆ ಇದನ್ನು ಇನ್ನೂ ಹೇಳಿಲ್ಲ. ಹೋದ ಭಾನುವಾರ ಚರ್ಚಿನ ಬಾಗಿಲಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿ, ಜೀಪಿಗೆ ಇನ್ನೊಂದು ಫ್ಯಾನ್ ಹಾಕಿಸಿದರೆ ಹೇಗೆ ಎಂದು ಅವರು ಕೇಳುತ್ತಿದ್ದರು.